ನೆಲ ವಾಲುತ್ತಿದ್ದ ದಿನಗಳು

ಮಾರ್ಚ್ 4, ಸೋಮವಾರ

ನಾನು ಸುಳ್ಳು ಹೇಳುವವಳಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ. ಯಾಕೆಂದರೆ ನಾನು ಮಾಡಿದ ಕನ್ನಡಕ ಹಾಕಿಕೊಂಡವರೊಬ್ಬರು ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಾರೆ ಎಂದು ಇವತ್ತು ಮಧ್ಯಾಹ್ನ ನನಗೆ ಗೊತ್ತಾಯಿತು.

ಮಾವ ಊಟಕ್ಕೆ ಹೋಗಿದ್ದ. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದ ದರ್ಜಿಯೊಬ್ಬರು ಬಂದು, ಬಟ್ಟೆಚೂರಿನಲ್ಲಿ ಸುತ್ತಿದ್ದ ಕನ್ನಡಕವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಫ್ರೇಮು ಮುರುಟಿಹೋಗಿತ್ತು.

"ನಮ್ಮ ಮೇಲ್ಮನೆಯವರದ್ದು. ಶುಕ್ರವಾರ ಮೆಟ್ಟಿಲಿಂದ ಜಾರಿದ್ರು. ಗಾಜು ಗಟ್ಟಿ, ಒಡೀಲಿಲ್ಲ, ಕೈ ಒಡೀತು. ಇದನ್ನ ನೆಟ್ಟಗೆ ಮಾಡಿಡಮ್ಮ, ನಾಳೆ ಬರ್ತೀನಿ."

ನೆಟ್ಟಗೆ ಮಾಡಿದೆ. ಮಾಡಿದ ಮೇಲೆ ಗಾಜನ್ನು ಪವರ್ ಅಳೆಯುವ ಮೀಟರಿನಲ್ಲಿಟ್ಟು ನೋಡುವುದು ಅಂಗಡಿಯ ಪದ್ಧತಿ. ನೋಡಿದೆ. ಬಲಗಾಜಿನ ಓರೆ ಇಪ್ಪತ್ತು ಡಿಗ್ರಿ ಇರಬೇಕಿತ್ತು. ನೂರರವತ್ತು ಇತ್ತು.

ಕೆಲವರ ಕಣ್ಣಿಗೆ ಒಂದು ಓರೆಯಲ್ಲಿ ಮಾತ್ರ ಪವರ್ ಹೆಚ್ಚು ಬೇಕು. ಆ ಓರೆ ಯಾವುದೆಂದು ಗಾಜಿನ ಮೇಲೆ ಶಾಯಿಯ ಮೂರು ಚುಕ್ಕೆ ಇಡುತ್ತೇವೆ. ಉಬ್ಬಿದ ಮುಖ ಮೇಲಿರುವಾಗ ಇಡಬೇಕು. ಗಾಜು ಕವುಚಿಕೊಂಡಿದ್ದಾಗ ಇಟ್ಟರೆ ಆ ಕಡೆ ವಾಲಬೇಕಾದ ಗೆರೆ ಈ ಕಡೆ ವಾಲುತ್ತದೆ. ಹಾಕಿಕೊಂಡವರ ಕಣ್ಣಿಗೆ ನೆಲವೇ ವಾಲುತ್ತದೆ. ಈ ಕೆಲಸ ಕಲಿತ ಮೊದಲ ವಾರವೇ ಮಾವ ಹೇಳಿಕೊಟ್ಟಿದ್ದ. ಚೀಟಿ ಹುಡುಕಿ ತೆಗೆದೆ. ಗುರುತು ಹಾಕಿದವರು ಎನ್ನುವಲ್ಲಿ ನನ್ನ ಸಹಿ.

ಇನ್ನೊಂದು ಇದೆ, ಅದನ್ನೂ ಬರೆಯಬೇಕು. ಕನ್ನಡಕ ತೆಗೆದುಕೊಂಡು ಹೋದ ಮೂರನೆಯ ದಿನ ಆ ಮೇಲ್ಮನೆಯವರು ವಾಪಸು ಬಂದಿದ್ದರು. ಯಾಕೋ ನೆಲ ಓರೆಯಾಗಿ ಕಾಣುತ್ತದೆ ಎಂದಿದ್ದರು. ನಾನು ತಲೆ ಎತ್ತದೆ, "ಹೊಸದಲ್ವಾ, ಒಗ್ಗುತ್ತೆ" ಎಂದಿದ್ದೆ. ಎಲ್ಲರಿಗೂ ಹೇಳುವ ಮಾತು ಅದು. ಅವರ ಮುಖ ನನಗೆ ನೆನಪಿಲ್ಲ. ಮಾತು ನೆನಪಿದೆ.

ಮಾವ ಬಂದ. "ಏನೇ ತಕ್ಕಡಿ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಎಂದ. ಎಲ್ಲವನ್ನೂ ತೂಗಿ ನೋಡುತ್ತೇನೆಂದು ಅವನು ನನಗಿಟ್ಟ ಹೆಸರು ತಕ್ಕಡಿ. ತೋರಿಸಿದೆ. ಅವನು ಮೀಟರಿಗೆ ಎರಡು ಸಲ ಕಣ್ಣಿಟ್ಟ. ಆಮೇಲೆ ಕುರ್ಚಿ ಹುಡುಕಿಕೊಂಡು ಕೂತ.

"ಗಾಜು ಬದಲಾಯಿಸಿ ಕೊಟ್ಟುಬಿಡು. ಬಾಯಿ ಬಿಡಬೇಡ."

"ಅದು ಮುಚ್ಚಿಹಾಕಿದ ಹಾಗೆ."

"ಸರಿ ಮಾಡಿದ ಹಾಗೆ."

"ನಾನು ಅಂಥವಳಲ್ಲ ಮಾವ. ಈ ಗಾಜು ಸಾಕ್ಷಿ. ನಾನೇ ಅವರ ಮನೆಗೆ ಹೋಗ್ತೀನಿ, ಇದನ್ನ ಮುಂದಿಟ್ಟು ನಾನೇ ಮಾಡಿದ್ದು ಅಂತೀನಿ."

"ಹೋಗು, ಹೋಗು. ಶಾಲೇಲೂ ಹೀಗೇ ಸಾಕ್ಷಿ ಹೇಳೋಕೆ ಹೋಗಿ ಅಲ್ವಾ ಇಲ್ಲಿ ಬಂದು ಗಾಜು ಉಜ್ಜುತ್ತಾ ಇರೋದು?"

ಹೌದು. ಶಾಲೆಯಲ್ಲಿ ಅಧಿಕಾರಿಗಳು ಬಂದು ಕೇಳಿದಾಗ, ನಾಲ್ಕು ತಿಂಗಳಿಂದ ಗಣಿತದ ಪಾಠ ನಡೆದಿಲ್ಲ ಎಂದು ನಾನು ಎದ್ದು ನಿಂತು ಹೇಳಿದ್ದೆ. ಮರುದಿನ ಮುಖ್ಯೋಪಾಧ್ಯಾಯರು, ನಾನು ಹೇಳಿದ್ದು ಸುಳ್ಳು ಎಂದು ಬರೆದುಕೊಡಲು ಹೇಳಿದರು. ಸುಳ್ಳು ಹೇಳಿದೆ ಎಂದು ಸುಳ್ಳು ಬರೆಯುವುದು ನನ್ನಿಂದ ಆಗಲಿಲ್ಲ. ಚೀಲ ತೆಗೆದುಕೊಂಡು ಬಂದೆ. ಆಗ ಹದಿನಾರು, ಈಗ ಹತ್ತೊಂಬತ್ತು. ಆ ದಿನದ ಬಗ್ಗೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ.

ಕನ್ನಡಕ ನನ್ನ ಚೀಲದಲ್ಲಿದೆ, ತಪ್ಪು ಗಾಜಿನ ಸಮೇತ.

ಮಾರ್ಚ್ 5, ಮಂಗಳವಾರ

ದರ್ಜಿ ಬಂದರು. ಇನ್ನೂ ತಡವಾಗುತ್ತದೆ ಎಂದೆ. ಅದು ಸುಳ್ಳಲ್ಲ. ತಡವಂತೂ ಆಗುತ್ತದೆ. ಮನೆ ಎಲ್ಲಿ ಎಂದು ಕೇಳಿ ಬರೆದುಕೊಂಡೆ.

ಹೇಳಬೇಕಾದ್ದನ್ನು ಚೀಟಿಯ ಹಿಂದೆ ಬರೆದು ನೋಡಿದೆ. "ನಾನು ನಿಮ್ಮ ಕನ್ನಡಕ ಮಾಡಿದವಳು. ತಪ್ಪು ನನ್ನದು. ನಾನು ಬೇಕಾದರೆ ಮುಚ್ಚಿಡಬಹುದಿತ್ತು. ಆದರೆ ನಾನು ಸುಳ್ಳು ಹೇಳುವವಳಲ್ಲವಾದ್ದರಿಂದ ನಾನೇ ಬಂದಿದ್ದೇನೆ." ಮೂರನೆಯ ವಾಕ್ಯ ಬೇಡವೇನೋ. ಆದರೆ ಅದು ನಿಜ. ಇರಲಿ.

ಮಾರ್ಚ್ 6, ಬುಧವಾರ

ಹೋದೆ. ಏನಾಯಿತು ಎಂದು ನನಗೇ ಸರಿಯಾಗಿ ಅರ್ಥವಾಗಿಲ್ಲ.

ಮನೆ ದರ್ಜಿಯ ಅಂಗಡಿಯ ಮೇಲೆ. ಮೆಟ್ಟಿಲು ಕಡಿದಾಗಿದೆ, ಮಧ್ಯೆ ಒಂದು ತಿರುವು. ಆ ತಿರುವಿನಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಬಾಗಿಲು ತಟ್ಟಿದೆ. ಅರವತ್ತೈದರ ಆಸುಪಾಸಿನ, ಕಡ್ಡಿಯಂಥ ಹೆಂಗಸು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್.

"ಬಂದ್ಯಾ ಕೊನೆಗೂ! ಪ್ರೆಸ್ಸಿನವರು ಓದೋಕೆ ಹುಡುಗೀನ ಕಳಿಸ್ತೀವಿ ಕಳಿಸ್ತೀವಿ ಅಂತ ಸೋಮವಾರದಿಂದ ಕಾಯಿಸ್ತಾ ಇದ್ದಾರೆ. ನೀನು ಒತ್ತಕ್ಷರ ನುಂಗದೆ ಓದ್ತೀಯಾ?"

ನಾನು ಬಾಯಿ ತೆರೆದೆ. "ಓದ್ತೀನಿ" ಎಂಬ ಮಾತು ಬಂತು. ಅದು ನಿಜವೇ. ನಾನು ಚೆನ್ನಾಗಿ ಓದುತ್ತೇನೆ.

ಇವರು ಪ್ರೆಸ್ಸಿನ ಪುಸ್ತಕಗಳ ಕರಡು ತಿದ್ದುವವರು. ಮೂವತ್ತೆಂಟು ವರ್ಷದಿಂದ ಅದೇ ಕೆಲಸ. ಪ್ರೆಸ್ಸಿನಲ್ಲಿ ಎಲ್ಲರೂ ಇವರನ್ನು ಕರಡಮ್ಮ ಎನ್ನುತ್ತಾರಂತೆ. "ಹಿಂದುಗಡೆ ಕರಡಿಯಮ್ಮ ಅಂತಾರೆ, ಗೊತ್ತು. ತಪ್ಪು ಕಂಡ್ರೆ ಬೀಳ್ತೀನಲ್ಲ ಮೈಮೇಲೆ" ಎಂದು ಅವರೇ ಹೇಳಿಕೊಂಡು ನಕ್ಕರು. ಈಗ ಬರೆಯಲು ಕೈಯಿಲ್ಲ, ಕನ್ನಡಕವೂ ಇಲ್ಲ. ಹಸ್ತಪ್ರತಿಯನ್ನು ಎಡಗೈಯ ಭೂತಗನ್ನಡಿಯಲ್ಲಿ ಅಕ್ಷರ ಅಕ್ಷರವಾಗಿ ನೋಡಿಕೊಳ್ಳುತ್ತಾರೆ. ಅಚ್ಚಾದ ಕರಡನ್ನು ನಾನು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ ಪೂರ್ಣವಿರಾಮ ಎಲ್ಲ ಬಾಯಲ್ಲಿ ಹೇಳುತ್ತ. ತಪ್ಪಿದ ಕಡೆ "ನಿಲ್ಲು" ಎನ್ನುತ್ತಾರೆ. ನಾನು ಕೆಂಪು ಪೆನ್ನಿನಲ್ಲಿ ತಿದ್ದಬೇಕು.

ನಿವೃತ್ತ ಅಂಚೆ ಮಾಸ್ತರರೊಬ್ಬರು ಬರೆದ ಪುಸ್ತಕ. ಬುದ್ಧ ಹೇಳಿದ್ದು ಏನು ಎಂಬ ಬಗ್ಗೆ. ನೂರಿಪ್ಪತ್ತು ಪುಟ. ಇವತ್ತು ಹದಿನಾಲ್ಕು ಆಯಿತು. ದುಃಖ ಇದೆ ಪೂರ್ಣವಿರಾಮ. ಅದಕ್ಕೆ ಕಾರಣ ಇದೆ ಪೂರ್ಣವಿರಾಮ.

ಚೀಲ ಕಾಲಿನ ಹತ್ತಿರವೇ ಇತ್ತು. ಹೇಳಲಿಲ್ಲ. ನಾನು ಸುಳ್ಳು ಹೇಳಿಲ್ಲ, ಅವರೇ ತಪ್ಪು ತಿಳಿದುಕೊಂಡದ್ದು. ಹೀಗೆ ಬರೆದಮೇಲೆ ಓದಿ ನೋಡಿದೆ. ಇದು ನಮ್ಮ ಗಣಿತದ ಮೇಷ್ಟ್ರು ಆಡುತ್ತಿದ್ದಂಥ ಮಾತು.

ಮಾರ್ಚ್ 8, ಶುಕ್ರವಾರ

ಇವತ್ತು ಜಗಳವಾಯಿತು, ಪುಸ್ತಕದ ಜೊತೆ.

ಅದರ ವಾದ ಹೀಗಿದೆ. ಮೈ ಒಂದು ರಾಶಿ. ಹಿತ, ಅಹಿತ ಅನ್ನಿಸುವುದು ಒಂದು ರಾಶಿ. ಇದು ಇಂಥದ್ದು ಎಂದು ಗುರುತು ಹಿಡಿಯುವುದು ಇನ್ನೊಂದು. ಅಭ್ಯಾಸ, ಹಟ, ಒಲವುಗಳೆಲ್ಲ ಸೇರಿ ಮತ್ತೊಂದು. ಅರಿವು ಐದನೆಯದು. ಐದೂ ಗಳಿಗೆಗೊಂದು ಥರ ಇರುತ್ತವೆ. ಅವುಗಳಲ್ಲಿ ಯಾವೊಂದರಲ್ಲೂ, ಎಲ್ಲವನ್ನೂ ಒಟ್ಟು ಸೇರಿಸಿದರೂ, ಇದೇ ನಾನು ಎಂದು ಬೊಟ್ಟುಮಾಡುವಂಥದ್ದು ಸಿಕ್ಕುವುದಿಲ್ಲ. ಸಿಕ್ಕಿದೆ ಎಂದು ಬಿಗಿಯಾಗಿ ಹಿಡಿದಷ್ಟೂ ದುಃಖ, ಹಿಡಿತ ಸಡಿಲಿದಷ್ಟೂ ಬಿಡುಗಡೆ.

ನಾನು ಪೆನ್ನು ಕೆಳಗಿಟ್ಟೆ. "ಕಳ್ಳರಿಗೆ ಒಳ್ಳೇ ಪುಸ್ತಕ ಇದು" ಎಂದೆ.

"ಯಾಕೆ?"

"ನಾನು ಅನ್ನೋದೇ ಇಲ್ಲ ಅಂದ್ರೆ ತಪ್ಪು ಯಾರದ್ದು? ಒಬ್ಬರು ಇನ್ನೊಬ್ಬರ ಕೈ ಮುರಿದು, ಅಯ್ಯೋ ಮುರಿದವರು ಯಾರೂ ಇಲ್ಲ, ಬರೀ ರಾಶಿ, ಅನ್ನಬಹುದಲ್ಲ?"

ಕೈ ಎಂದು ಯಾಕೆ ಬಾಯಿಗೆ ಬಂತೋ. ಅವರು ತಮ್ಮ ಪ್ಲಾಸ್ಟರನ್ನೇ ನೋಡಿಕೊಂಡರು.

"ಹಲ್ಲುನೋವು ಬಂದಾಗ ನೀನೇನು ಮಾಡ್ತೀಯ? ಇದು ಯಾರ ಹಲ್ಲು ಅಂತ ವಿಚಾರಣೆ ಮಾಡ್ತೀಯೋ, ಲವಂಗ ಹುಡುಕ್ತೀಯೋ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಂಗೇನು ಗೊತ್ತು ತಾಯಿ. ನಾನು ತಿದ್ದುವವಳು, ನಂಬುವವಳಲ್ಲ. ಮೂವತ್ತೆಂಟು ವರ್ಷದಲ್ಲಿ ದೇವರು ಇದ್ದಾನೆ ಅನ್ನೋದೂ ತಿದ್ದಿದೀನಿ, ಇಲ್ಲ ಅನ್ನೋದೂ ತಿದ್ದಿದೀನಿ. ಆದ್ರೂ ಒಂದು ಹೇಳ್ತೀನಿ, ಆ ಹಟದ ರಾಶಿ ಇದೆಯಲ್ಲ, ಅದು ನಿನ್ನ ಹತ್ರ ಸ್ವಲ್ಪ ಎತ್ತರವಾಗೇ ಇದೆ. ಹ್ಞೂಂ, ಮುಂದೆ ಓದು."

ಬರುವಾಗ ದರ್ಜಿ ಕೆಳಗೆ ತಡೆದರು. "ಕನ್ನಡಕ ಏನಾಯ್ತು? ಪಾಪ, ಅವರು ಗೋಡೆ ಹಿಡಕೊಂಡು ಓಡಾಡ್ತಾರೆ." ಆಗುತ್ತೆ ಎಂದೆ. ನಾನು ಅಂಗಡಿಯವಳೆಂದು ಅವರು ಮೇಲೆ ಹೇಳಿದಂತಿಲ್ಲ, ಕರಡಮ್ಮನಿಗೆ ಗೊತ್ತೇ ಇದೆ ಎಂದುಕೊಂಡಿರಬೇಕು. ಈ ಕೆಲಸವನ್ನು ನಾನು ನನ್ನ ರೀತಿಯಲ್ಲಿ ಮಾಡಬೇಕು. ಸರಿಯಾದ ಗಳಿಗೆ ನೋಡಿ ಹೇಳಬೇಕು. ಹೇಳದೆ ಬೇರೆ ಗಾಜು ಹಾಕಿಕೊಟ್ಟರೆ ನಾನೂ ಮಾವನೂ ಒಂದೇ.

ಮಾರ್ಚ್ 11, ಸೋಮವಾರ

ಹೇಳಲಿಲ್ಲ. ಹೇಳಬೇಕು ಎಂದು ಗಂಟಲವರೆಗೆ ಬಂದಾಗ ಅವರು "ನಿಲ್ಲು, ಅಲ್ಲಿ ದೀರ್ಘ ಇರಬೇಕು" ಎಂದರು. ದೀರ್ಘ ಹಾಕಿದೆ.

ಅಂಗಡಿಗೆ ಬಂದು ಎರಡು ಗಾಜು ಹಾಳು ಮಾಡಿದೆ. ಮಾವ ಉಜ್ಜುವ ಯಂತ್ರ ನಿಲ್ಲಿಸಿದ.

"ಹೇಳಿದ್ಯಾ?"

"ಇಲ್ಲ."

"ಒಂದು ವಾರ ಆಯ್ತಲ್ಲೇ. ನಾನಾದ್ರೆ ಸೋಮವಾರ ಸಂಜೇನೇ ಗಾಜು ಹಾಕಿ ಕೊಟ್ಟಿರ್ತಿದ್ದೆ."

"ಹೇಳದೇ."

"ಹೇಳದೇ. ನಾನು ಹೆದರುಪುಕ್ಕಲ, ಒಪ್ಕೋತೀನಿ. ಆದ್ರೆ ಅವರ ಮೂಗಿನ ಮೇಲೆ ಕನ್ನಡಕ ಇರ್ತಿತ್ತು." ಕೈ ಒರೆಸಿಕೊಂಡು ಚೀಟಿ ತೆಗೆದ. "ಇಲ್ನೋಡು. ಗುರುತು ನಿಂದು. ಕೊರೆತ ನಂದು. ಕೊನೇಲಿ ಮೀಟರಿಗಿಟ್ಟು ನೋಡಬೇಕಾಗಿದ್ದು ನಾನು, ನೋಡಲಿಲ್ಲ. ಅವತ್ತು ಮೇಲಿನ ಟ್ಯೂಬ್‌ಲೈಟು ಪಟಪಟ ಅಂತಿತ್ತು, ಬದಲಾಯಿಸಿರಲಿಲ್ಲ. ನೀನು ನಿಮ್ಮಮ್ಮನ ಹತ್ರ ಜಗಳ ಆಡಿ ಬಂದಿದ್ದೆ, ಮತ್ತೆ ಪರೀಕ್ಷೆಗೆ ಕಟ್ಟು ಅಂದಿದ್ದಕ್ಕೆ. ಗಾಜು ಕವುಚಿ ಬಿದ್ದಿತ್ತು. ಇಷ್ಟೂ ಸೇರಿ ಆಗಿದ್ದು. ನೀನೊಬ್ಳೇ ಎತ್ಕೊಂಡು ಮೆರವಣಿಗೆ ಹೊರಟ ಹಾಗೆ ಆಡ್ತೀಯಲ್ಲ."

ನನಗೆ ಸಿಟ್ಟು ಬಂತು. ಇಷ್ಟು ದಿನ ಬಾಯಿ ಮುಚ್ಚು ಎಂದವನು ಈಗ ನನ್ನ ತಪ್ಪಿನಲ್ಲೂ ಪಾಲು ಕೇಳುತ್ತಾನೆ.

ಮಾರ್ಚ್ 13, ಬುಧವಾರ

ಎಪ್ಪತ್ತೊಂದನೆಯ ಪುಟ. ಹೇಳಲಿಲ್ಲ.

ಸುಳ್ಳು ಹೇಳದವಳು ಎಂದು ನಾನು ಯಾರನ್ನು ಕರೆಯುತ್ತಿದ್ದೆನೋ, ಅವಳು ಎಂಟು ದಿನದಿಂದ ಇಲ್ಲಿ ಇಲ್ಲ. ಅವಳು ಇಲ್ಲದಿದ್ದರೆ ಇಲ್ಲಿ ಕೂತು ಬರೆಯುತ್ತಿರುವುದು ಯಾರು? ತಲೆ ಕೆಟ್ಟಿದೆ. ಪೆನ್ನು ಇಡುತ್ತೇನೆ.

ಮಾರ್ಚ್ 15, ಶುಕ್ರವಾರ

ಓದುವುದು ಎಂಟು ಪುಟಕ್ಕೇ ನಿಂತಿತು. ಕರಡಮ್ಮ ಭೂತಗನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂತರು.

"ಇದು ನನ್ನ ಕಡೇ ಪುಸ್ತಕ" ಎಂದರು.

"ಕೈ ಸರಿಹೋಗುತ್ತಲ್ಲ. ಮೂರು ವಾರ ಅಷ್ಟೇ."

"ಕೈ ಅಲ್ಲ." ತಡೆದು ತಡೆದು ಹೇಳಿದರು. "ಬೀಳೋ ಮುಂಚಿಂದಾನೂ ನೆಲ ವಾಲ್ತಿತ್ತು. ಬಾಗಿಲು ಓರೆ ಕಾಣ್ತಿತ್ತು. ತಟ್ಟೆ ನೆಟ್ಟಗಿದ್ರೂ ಸಾರು ಒಂದು ಕಡೆ ಹರೀತದೇನೋ ಅನ್ನಿಸ್ತಿತ್ತು. ಈಗ ಕನ್ನಡಕ ಇಲ್ದೆ ಎಲ್ಲಾ ಮಸುಕು, ವಾಲುತ್ತೋ ಇಲ್ವೋ ಗೊತ್ತಾಗಲ್ಲ. ಅಂಗಡಿಗೆ ಹೋಗಿ ಕೇಳಿದೆ, ಹೊಸದು ಒಗ್ಗುತ್ತೆ ಅಂದ್ರು. ಕನ್ನಡಕದ ತಪ್ಪಲ್ಲ ಅಂದ್ರೆ ಮತ್ತೆ ಯಾವುದು? ನಮ್ಮಮ್ಮನಿಗೂ ಶುರುವಾಗಿದ್ದು ಹೀಗೇ. ಗೋಡೆ ಬೀಳ್ತಾ ಇದೆ ಹಿಡ್ಕೊಳ್ಳಿ ಅಂತಿದ್ದಳು. ಆಮೇಲೆ ವರ್ಷದೊಳಗೆ ನಮ್ಮ ಹೆಸರು ಮರೆತಳು, ಆಮೇಲೆ ತನ್ನದು. ಮೊನ್ನೆ ನಾನು ಹಾಲು ಒಲೆ ಮೇಲಿಟ್ಟು ಮರೆತೆ. ಅಲ್ಲಿಗೆ ತಿಳೀತು. ತಂಗಿಗೆ ಕಾಗದ ಹಾಕಿದೀನಿ, ಬಂದು ಕರಕೊಂಡು ಹೋಗು ಅಂತ. ದರ್ಜಿಯವರ ಕೈಲಿ ಬರೆಸಿದೆ. ಈ ಮನೆ ಬಿಟ್ಟುಕೊಡೋದು. ಪ್ರೆಸ್ಸಿಗೆ ಇನ್ನೂ ಹೇಳಿಲ್ಲ. ತಪ್ಪು ಹುಡುಕೋ ತಲೇನೇ ತಪ್ಪಿಹೋದ್ರೆ ಯಾರು ಕೆಲಸ ಕೊಡ್ತಾರೆ?"

ಅಳಲಿಲ್ಲ. ಒಂದು ಪುಟದ ತಪ್ಪುಗಳನ್ನು ಪಟ್ಟಿ ಮಾಡಿದ ಹಾಗೆ ಹೇಳಿ ಮುಗಿಸಿದರು.

ಚೀಲ ಕಾಲಿಗೆ ತಾಗುತ್ತಿತ್ತು. ಅವರ ಹುಚ್ಚು, ಅವರ ತಾಯಿಯ ರೋಗ, ಬಿಟ್ಟುಕೊಡುವ ಮನೆ, ಎಲ್ಲ ಅದರಲ್ಲಿ ಒಂದು ಡಬ್ಬಿಯೊಳಗೆ ಬಟ್ಟೆಯಲ್ಲಿ ಸುತ್ತಿ ಹನ್ನೊಂದು ದಿನದಿಂದ ಇತ್ತು.

ಆ ಗಾಜನ್ನು ತೋರಿಸಿದರೆ ತಪ್ಪು ಎಲ್ಲಿದೆ ಎಂದು ತಿಳಿಯುತ್ತದೆ. ಆದರೆ ಅವರು ನಂಬಬೇಕಾದರೆ ಸರಿಯಾದ ಗಾಜಿನಲ್ಲಿ ಒಮ್ಮೆ ನೆಲ ನೋಡಬೇಕು. ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಅಂಗಡಿಗೆ ಓಡಿದೆ. "ಮಾವ, ಬಲಗಾಜು. ಇಪ್ಪತ್ತು" ಎಂದೆ. ಅವನು ಗಾಜು ತೆಗೆದು ಕೊಟ್ಟ. ಉಬ್ಬಿದ ಮುಖ ಮೇಲೆ. ಮೂರು ಚುಕ್ಕೆ. ಅವನು ಕೊರೆದ. ಮೀಟರಿಗಿಟ್ಟು ಅವನು ನೋಡಿದ, ಆಮೇಲೆ ಇತ್ತ ಜರುಗಿಸಿದ, ನೋಡಿದ್ದಾಯಿತು, ಮತ್ತೆ ಅವನು ನೋಡಿದ. ಅಂಗಡಿ ಮುಚ್ಚುವ ಹೊತ್ತಿಗೆ ಮುಗಿಯಿತು.

ಮಾರ್ಚ್ 16, ಶನಿವಾರ

ಎಂಟು ಗಂಟೆಗೇ ಹೋದೆ. ಮೆಟ್ಟಿಲು ಹತ್ತುವಾಗ ಮಾತು ಜೋಡಿಸಿಕೊಳ್ಳಲು ನೆನಪಾಗಲಿಲ್ಲ. ಡಬ್ಬಿ ಅಲುಗದಂತೆ ಹಿಡಿದುಕೊಳ್ಳುವುದೇ ಕೆಲಸವಾಗಿತ್ತು.

"ನಿಮ್ಮ ತಲೆಗೆ ಏನೂ ಆಗಿಲ್ಲ" ಎಂದೆ ಬಾಗಿಲಲ್ಲೇ. "ಗಾಜು ತಪ್ಪಿತ್ತು. ಬಲಗಣ್ಣಿಂದು. ಆ ಕಡೆ ವಾಲಬೇಕಾದ್ದು ಈ ಕಡೆ ವಾಲಿತ್ತು. ಇದು ಸರಿಯಾದ್ದು. ಹಾಕ್ಕೊಳ್ಳಿ."

ಅವರಿಗೆ ಒಂದು ಕೈಯಲ್ಲಿ ಹಾಕಿಕೊಳ್ಳಲು ಬರಲಿಲ್ಲ. ಹಾಕಿದೆ. ಬಾಗಿಲ ಚೌಕಟ್ಟು ನೋಡಿದರು. ಕಿಟಕಿಯ ಸರಳು ನೋಡಿದರು. ಆಮೇಲೆ ನೆಲ, ಬಹಳ ಹೊತ್ತು. ಹಳೆಯ ಗಾಜನ್ನು ಸರಳಿನ ಎದುರಿಗೆ ಹಿಡಿದು ಮೆಲ್ಲಗೆ ತಿರುಗಿಸಿ ತೋರಿಸಿದೆ. ನೆಟ್ಟಗಿದ್ದ ಸರಳು ಗಾಜಿನೊಳಗೆ ಕುಡಿದವನ ಹಾಗೆ ವಾಲಿತು. "ನೋಡಿ, ವಾಲ್ತಿರೋದು ಇದು."

ಕರಡಮ್ಮ ಹೊರಗೆ ಹೋಗಿ ಮೆಟ್ಟಿಲು ಇಳಿದರು. ಹತ್ತಿದರು. ಮತ್ತೆ ಇಳಿದು ಹತ್ತಿದರು. ತಿರುವಿನಲ್ಲಿ ಒಂದು ಸಲ ಕಂಬಿಯಿಂದ ಕೈ ತೆಗೆದು ನಿಂತು ನೋಡಿದರು. ಕೆಳಗಿನಿಂದ ದರ್ಜಿ, "ಏನ್ರೀ, ಯಾರು ಅಟ್ಟಿಸಿಕೊಂಡು ಬಂದ್ರು?" ಎಂದರು.

"ನಿಂಗೆ ಹೇಗೆ ಗೊತ್ತು ಇದು?" ಎಂದು ಕೇಳಿದರು ಮೇಲೆ ಬಂದು.

"ಗುರುತು ಹಾಕಿದ್ದು ನಾನು. ಒಗ್ಗುತ್ತೆ ಅಂದಿದ್ದೂ ನಾನೇ. ಪ್ರೆಸ್ಸಿನವರು ಕಳಿಸಿದ ಹುಡುಗಿ ಅಲ್ಲ."

"ಯಾವಾಗ ಗೊತ್ತಾಯ್ತು?"

"ನಾಲ್ಕನೇ ತಾರೀಖು."

ಅದನ್ನು ಹೇಳದಿದ್ದರೆ ನಡೆಯುತ್ತಿತ್ತೋ ಏನೋ. ಕೇಳಿದರು, ಹೇಳಿದ್ದಾಯಿತು.

"ಹನ್ನೆರಡು ದಿನ! ಎದುರಿಗೆ ಕೂತು ಅಲ್ಪವಿರಾಮ ಪೂರ್ಣವಿರಾಮ ಅಂತ ಓದ್ತಿದ್ದೆ! ಹಾಲು ಉಕ್ಕಿದ್ದಕ್ಕೆ ನಾನು ಒಲೆ ಮುಂದೆ ಕೂತು ಅತ್ತೆ, ಗೊತ್ತಾ? ಊರಲ್ಲಿ ಯಾರ ಮನೇಲಿ ಹಾಲು ಉಕ್ಕಲ್ಲ? ನಾನು ಮಾತ್ರ ಕೂತು ನಮ್ಮಮ್ಮನ ಹೆಸರು ನೆನಪಿದೆಯಾ, ತಂಗಿ ಹುಟ್ಟಿದ ದಿನ ನೆನಪಿದೆಯಾ ಅಂತ ದಿನಾ ಪರೀಕ್ಷೆ ಮಾಡ್ಕೊಂಡೆ. ನಡಿ ಆಚೆ."

ಬಂದೆ.

ಮಾರ್ಚ್ 17, ಭಾನುವಾರ

"ಬೈದ್ರಾ?" ಎಂದ ಮಾವ.

"ಬೈದ್ರು."

"ಅಂಗಡಿ ವಿಷಯ?"

"ಗೊತ್ತಾಯ್ತು. ಮುಚ್ಚಿಡೋ ಹಾಗಿರಲಿಲ್ಲ."

ಅವನು ಸ್ವಲ್ಪ ಹೊತ್ತು ಗಾಜು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಅಂಗಿ ಬದಲಾಯಿಸಿಕೊಂಡು, "ನಾನೂ ಒಂದು ಸಲ ಹೋಗಿಬರ್ತೀನಿ. ಕೊನೇಲಿ ನೋಡಬೇಕಾದವನು ನಾನಲ್ವಾ" ಎಂದ.

"ಹೋಗಿ ಬಾ ಮಾವ. ಮೆಟ್ಟಿಲ ತಿರುವಲ್ಲಿ ತಲೆ ತಗ್ಗಿಸು."

ಊಟ ಸೇರಿತು. ಅಂಗಳದಲ್ಲಿ ಇರುವೆಗಳು ಸಾಲುಗಟ್ಟಿ ಏನನ್ನೋ ಸಾಗಿಸುತ್ತಿದ್ದವು. ಬಹಳ ಹೊತ್ತು ನೋಡುತ್ತ ಕೂತೆ.

ಮಾರ್ಚ್ 18, ಸೋಮವಾರ

ಗುರುವಾರದೊಳಗೆ ಪುಸ್ತಕ ಮುಗಿಯಬೇಕು. ಇನ್ನೂ ನಲವತ್ತೊಂದು ಪುಟ ಇದೆ. ಪ್ಲಾಸ್ಟರಿನ ಕೈಯಲ್ಲಿ ಪೆನ್ನು ಹಿಡಿಯಲಾಗದು. ಎಂದಿನ ನಾಲ್ಕು ಗಂಟೆ ಸ್ವಲ್ಪ ದಾಟಿದ ಮೇಲೆ ಹೋದೆ. ಬಾಗಿಲು ತೆರೆದಿತ್ತು. ಕರಡಿನ ಹಾಳೆಗಳು ಮೇಜಿನ ಮೇಲಿದ್ದವು, ಕೆಂಪು ಪೆನ್ನಿನ ಮುಚ್ಚಳ ತೆಗೆದಿತ್ತು.

"ಹತ್ತು ನಿಮಿಷ ತಡ" ಎಂದರು.

ಓದಿದೆವು. ಈಗ ಅವರಿಗೆ ಭೂತಗನ್ನಡಿ ಬೇಡ. "ನಿಲ್ಲು" ಎನ್ನುವುದು ಮೊದಲಿಗಿಂತ ಹೆಚ್ಚಾಯಿತು. ಹಿಂದಿನ ಪುಟಗಳಲ್ಲಿ ಬಿಟ್ಟುಹೋಗಿದ್ದ ಒಂಬತ್ತು ತಪ್ಪುಗಳನ್ನು ಅವರು ಬೆಳಿಗ್ಗೆಯೇ ಹುಡುಕಿ ಎಡಗೈ ಬೆರಳಿಗೆ ಕೆಂಪು ಶಾಯಿ ಹಚ್ಚಿ ಗುರುತು ಒತ್ತಿಟ್ಟಿದ್ದರು.

ಅರ್ಧ ಗಂಟೆಯ ಮೇಲೆ ತಾವಾಗಿಯೇ ಹೇಳಿದರು, "ಕೋಪ ಹೋಗಿಲ್ಲ ನಂಗೆ."

"ಇರ್ಲಿ."

"ನಿನ್ನೆವರೆಗೆ ನಿನ್ನ ಮೇಲಿತ್ತು. ನಿನ್ನೆ ನಿಮ್ಮ ಮಾವ ಬಂದು, ತಪ್ಪು ನಂದು ಅಂತ ಈ ಕುರ್ಚೀಲಿ ಕೂತು ಬೆವರಿದ. ಸ್ವಲ್ಪ ಹೊತ್ತು ಅವನ ಮೇಲಿತ್ತು. ಆಮೇಲೆ ತಂಗಿ ಮೇಲೆ, ಕಾಗದ ಸಿಕ್ಕಿದ ತಕ್ಷಣ ಹೊರಟುಬಂದ್ಬಿಡ್ತಾಳಲ್ಲ ಅಂತ. ಇವತ್ತು ಬೆಳಿಗ್ಗೆ ನೋಡ್ತೀನಿ, ಯಾರ ಮೇಲೂ ಇಲ್ಲ, ಬರೀ ಕೋಪ ಇದೆ. ಈ ಪ್ಲಾಸ್ಟರ್ ಇದ್ದ ಹಾಗೆ. ಒಳಗೆ ತುರಿಸುತ್ತೆ, ಕೆರೆಯೋಕಾಗಲ್ಲ."

"ಹೆಣಿಗೆ ಕಡ್ಡಿ ಇದ್ರೆ ಕೊಡಿ."

"ಕೋಪಕ್ಕಾ?"

"ಪ್ಲಾಸ್ಟರ್‌ಗೆ."

ಅವರು ನಗಬಾರದೆಂದು ಬಾಯಿ ಬಿಗಿಹಿಡಿದರು. ಆಗಲಿಲ್ಲ. ಕಡ್ಡಿ ಅಡುಗೆಮನೆಯ ಗೂಡಿನಲ್ಲಿ ಸಿಕ್ಕಿತು.

ಮಾರ್ಚ್ 20, ಬುಧವಾರ

ತಂಗಿ ಬಂದುಬಿಟ್ಟಿದ್ದಾರೆ, ಎರಡು ಖಾಲಿ ಟ್ರಂಕುಗಳ ಜೊತೆ. ಕರಡಮ್ಮ ಕಡ್ಡಿಯಾದರೆ ಇವರು ದಿಂಬು. ಮಾತಿಗೊಮ್ಮೆ ಜಾರುವ ಕನ್ನಡಕವನ್ನು ಬೆರಳಿನಲ್ಲಿ ಮೇಲೆ ತಳ್ಳುತ್ತಾರೆ.

"ನೆಲ ವಾಲುತ್ತೆ ಅಂತ ನೀನೇ ಬರೆಸಿದ್ದೆ ಅಕ್ಕ. ಈಗ ವಾಲಲ್ಲ ಅಂತೀಯ. ಅಮ್ಮನೂ ಹೀಗೇ, ಒಂದು ದಿನ ಹೌದು ಅನ್ನೋಳು, ಒಂದು ದಿನ ಇಲ್ಲ ಅನ್ನೋಳು. ಬಟ್ಟೆ ಯಾವುದು ಮೊದಲು ತುಂಬಲಿ?"

"ಕನ್ನಡಕ ಸರಿಯಿರಲಿಲ್ಲ ಕಣೇ, ಎಷ್ಟು ಸಲ ಹೇಳಲಿ?"

"ಕನ್ನಡಕದಿಂದ ನೆಲ ವಾಲುತ್ತಾ? ಯಾರು ಹೇಳಿದ್ದು?"

ಇಬ್ಬರೂ ಇತ್ತ ತಿರುಗಿದರು. ಮತ್ತೊಮ್ಮೆ ಮೊದಲಿನಿಂದ ಹೇಳಬೇಕಾಯಿತು. ಚುಕ್ಕೆ, ಕವುಚಿದ ಗಾಜು, ಒಗ್ಗುತ್ತೆ ಎಂದದ್ದು, ನಾಲ್ಕನೇ ತಾರೀಖು, ಚೀಲ. ಹಳೆಯ ಗಾಜನ್ನು ಅವರ ಕೈಗೇ ಕೊಟ್ಟು ಸರಳಿನ ಎದುರು ತಿರುಗಿಸಲು ಹೇಳಿದೆ. ಅವರು ತಿರುಗಿಸಿದರು. ಮತ್ತೆ ತಿರುಗಿಸಿದರು. ಗಾಜು ಮೇಜಿನ ಮೇಲಿಟ್ಟು, ಕನ್ನಡಕ ಮೇಲೆ ತಳ್ಳಿ, ಕಣ್ಣು ಕೆಂಪಗೆ ಮಾಡಿ ನೋಡಿದರು.

"ನಮ್ಮಕ್ಕನ ಕೈ ಮುರಿದೆ. ಹುಚ್ಚು ಹಿಡೀತು ಅಂತ ನಂಬಿಸಿದೆ. ಗೊತ್ತಿದ್ದೂ ಗೂಬೆ ಥರ ಎದುರಿಗೆ ಕೂತಿದ್ದೆ. ನೀನೆಂಥ ಹುಡುಗಿ ಅಂತ ನಿನಗೇನಾದ್ರೂ ಗೊತ್ತಾ?"

ಅವರು ಮತ್ತೆ ಕನ್ನಡಕ ಮೇಲೆ ತಳ್ಳಿದರು. ಕಿವಿಗೆ ಸಿಗಿಸುವ ಎಡಗಡೆಯ ಕಡ್ಡಿ ಬಹಳ ಒಳಕ್ಕೆ ಬಾಗಿದೆ, ಬಲಗಡೆಯದು ಹೊರಕ್ಕೆ ಅಗಲವಾಗಿದೆ. ಹಾಗಿದ್ದರೆ ಜಾರಿಯೇ ಜಾರುತ್ತದೆ, ಎಡಗಿವಿಯನ್ನು ಒತ್ತಲೂ ಒತ್ತುತ್ತದೆ.

"ಒಂದು ನಿಮಿಷ ಅದನ್ನ ಕೊಡ್ತೀರಾ?" ಎಂದೆ.

"ಯಾವುದನ್ನ?"

"ಮೂಗಿನ ಮೇಲಿರೋದನ್ನ."

"ಇದನ್ನೂ ವಾಲಿಸ್ತೀಯಾ?"

"ಕೊಡೇ" ಎಂದರು ಕರಡಮ್ಮ. "ತಪ್ಪು ಮಾಡಿದ್ರೆ ಹೇಳ್ತಾಳೆ. ಹನ್ನೆರಡು ದಿನ ಬೇಕು ಅಷ್ಟೇ."

ಅಡುಗೆಮನೆಗೆ ಹೋಗಿ ನೀರು ಕಾಯಿಸಿ, ಕಡ್ಡಿಯನ್ನು ಅದರಲ್ಲಿ ಅದ್ದಿ ಮೆತ್ತಗಾಗಿಸಿದೆ. ಎಡಗಡೆಯದನ್ನು ಬಿಡಿಸಿ, ಬಲಗಡೆಯದನ್ನು ಒಳಕ್ಕೆ ತಂದು, ಒರೆಸಿ ತಂದೆ. ಹಾಕುವ ಮೊದಲು ಕಿವಿಯ ಹಿಂದೆ ನೋಡಿದೆ. ಚರ್ಮ ಗಟ್ಟಿಯಾಗಿ, ಕಡ್ಡಿ ಕೂರುವ ಜಾಗದಲ್ಲಿ ಕೆಂಪು ಹಳ್ಳ ಬಿದ್ದಿತ್ತು.

"ಇಲ್ಲಿ ನೋಯ್ತಿರಲಿಲ್ವಾ?"

"ಅದಾ? ಅದು ನನ್ನ ಕಿವಿನೇ ಹಾಗೆ. ಅದಕ್ಕೇ ಸಂಜೆಯಾದ್ರೆ ತಲೆನೋವು. ನಾನು ಸೂಕ್ಷ್ಮದವಳು, ನಮ್ಮ ಮನೇಲಿ ಕೇಳು ಯಾರನ್ನ ಬೇಕಾದ್ರೂ."

ಹಾಕಿದೆ. ಅವರು ತಲೆ ಅಲ್ಲಾಡಿಸಿದರು. ಜಾರಲಿಲ್ಲ. ಬಗ್ಗಿ ಟ್ರಂಕಿನೊಳಗೆ ನೋಡಿದರು. ಆಗಲೂ ಜಾರಲಿಲ್ಲ.

ಕರಡಮ್ಮ ಕಾಯಲಿಲ್ಲ. "ಎಲ್ಲಿದ್ವಿ?" ಎಂದರು.

"ನೂರ ಹದಿನೇಳು."

"ಓದು. ಇವತ್ತು ಮುಗಿದುಹೋಗಲಿ. ಟ್ರಂಕಿನ ಮೇಲೆ ಕೂತ್ಕೊಳ್ಳೇ ನೀನು, ಬಾಗಿಲಿಗೆ ಅಡ್ಡ ನಿಲ್ಲಬೇಡ."

ತಂಗಿ ಖಾಲಿ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತರು. ಓದುತ್ತ ಹೋದೆ. ಎರಡು ಪುಟ ಆಗಿರಬೇಕು, ಕರಡಮ್ಮ "ನಿಲ್ಲು" ಎನ್ನದೆಯೇ ನಿಲ್ಲಬೇಕಾಯಿತು.

"ನೋವಿಲ್ಲ" ಎಂದರು ತಂಗಿ. ಯಾರಿಗೆ ಹೇಳಿದ್ದೋ. ಇಷ್ಟು ವರ್ಷ ಮನೆಯಲ್ಲೇ ಇದ್ದ ಯಾರೋ ಹೇಳದೆ ಕೇಳದೆ ಎದ್ದುಹೋದ ಹಾಗೆ, ಕಿವಿಯ ಹಿಂದೆ ಬೆರಳಿಟ್ಟು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.